ಹಲ್ಲು ಸಿಕ್ಕಿತು ಸರಿ, ಚೀಟಿ ಎಲ್ಲಿ?

ಹಿಂದಿನ ಸಂಚಿಕೆಯಲ್ಲಿ ಪುರಾತನ ಸಮುದ್ರಗಳ ಶಾರ್ಕ್ ಹಲ್ಲು ಕೂಡಿಡುವ ಹವ್ಯಾಸದ ಬಗ್ಗೆ ಸಣ್ಣ ಟಿಪ್ಪಣಿ ಹಾಕಿದ್ದೆ. ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ಥರದವನ್ನು ಒಟ್ಟು ಮಾಡಿ, ಉದ್ದದ ಪತ್ರಗಳನ್ನು ಸ್ವಲ್ಪ ಕತ್ತರಿಸಿ, ಈ ಸಲದ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಕತ್ತರಿ ಬಿದ್ದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ಡೈನೋಸಾರ್ ಮೂಳೆ ಸಿಗುವುದು ಅಪರೂಪ ಅಂತಾರೆ. ಶಾರ್ಕ್ ಹಲ್ಲು ಮಾತ್ರ ರಾಶಿ ರಾಶಿ ಸಿಗುತ್ತದಂತೆ. ಅಷ್ಟು ಹಲ್ಲು ಇದ್ದ ಮೇಲೆ ಮೂಳೆಯೂ ಇರಬೇಕಲ್ವಾ?

ಉತ್ತರ: ಇರಬೇಕಿತ್ತು, ಆದರೆ ಶಾರ್ಕಿಗೆ ನಮ್ಮಂಥ ಗಟ್ಟಿ ಮೂಳೆಯೇ ಇಲ್ಲ. ಅದರ ಇಡೀ ಅಸ್ಥಿಪಂಜರ ಮೆದು ಮೂಳೆಯದು. ನಮ್ಮ ಮೂಗಿನ ತುದಿಯಲ್ಲಿ, ಕಿವಿಯಲ್ಲಿ ಬಾಗುವ ಭಾಗ ಇದೆಯಲ್ಲ, ಅದೇ ಜಾತಿ. ಪ್ರಾಣಿ ಸತ್ತು ತಳ ಸೇರಿದ ಮೇಲೆ ಅದು ಬೇಗ ಕೊಳೆತು ಹೋಗುತ್ತದೆ. ಬೆನ್ನಿನ ಮಣಿಗಳು ಮಾತ್ರ ಸುಣ್ಣದ ಅಂಶ ಸೇರಿ ಸ್ವಲ್ಪ ಗಟ್ಟಿ ಇರುವುದರಿಂದ ಆಗೊಮ್ಮೆ ಈಗೊಮ್ಮೆ ಸಿಗುತ್ತವೆ, ನೋಡಲಿಕ್ಕೆ ದಪ್ಪ ಬಿಲ್ಲೆಯ ಹಾಗೆ ಇರುತ್ತವೆ.

ಹಲ್ಲಿನ ಕಥೆಯೇ ಬೇರೆ. ಒಳಗೆ ಡೆಂಟಿನ್ ಎಂಬ ಮೂಳೆಯಂಥ ವಸ್ತು, ಮೇಲೆ ಎನಾಮಲ್ ಥರದ ಗಟ್ಟಿ ಹೊದಿಕೆ, ಅದರಲ್ಲಿ ಫ್ಲೋರೈಡ್ ಸೇರಿದ ಕ್ಯಾಲ್ಸಿಯಂ ಫಾಸ್ಫೇಟ್. ಅಂದರೆ ಬಾಯಲ್ಲಿ ಇರುವಾಗಲೇ ಅದು ಅರ್ಧ ಖನಿಜ. ಜೊತೆಗೆ ಶಾರ್ಕಿನ ಹಲ್ಲು ದವಡೆಯ ಗುಳಿಯಲ್ಲಿ ಕೂತಿರುವುದಿಲ್ಲ, ವಸಡಿನ ಚರ್ಮಕ್ಕೆ ಅಂಟಿಕೊಂಡಿರುತ್ತದೆ ಅಷ್ಟೇ. ಮುಂದಿನ ಸಾಲಿನದು ಬಿದ್ದರೆ ಹಿಂದಿನ ಸಾಲಿನದು ಮುಂದಕ್ಕೆ ಬರುತ್ತದೆ, ಅದರ ಹಿಂದೆ ಇನ್ನೊಂದು ತಯಾರಾಗುತ್ತಿರುತ್ತದೆ, ಹೀಗೆ ಬದುಕಿರುವಷ್ಟು ದಿನವೂ. ಕೆಲವು ಜಾತಿಗಳು ಒಂದು ಜೀವಮಾನದಲ್ಲಿ ಸಾವಿರಗಟ್ಟಲೆ ಹಲ್ಲು ಉದುರಿಸುತ್ತವೆ. ಆದ್ದರಿಂದ ನಿಮ್ಮ ಕೈಗೆ ಸಿಕ್ಕ ಹಲ್ಲು ಸತ್ತ ಶಾರ್ಕಿನದೇ ಆಗಬೇಕಿಲ್ಲ. ಮೀನು ಕಚ್ಚುವಾಗ ಉದುರಿದ್ದು, ಉದುರಿಸಿದ ಶಾರ್ಕ್ ಆಮೇಲೂ ಎಷ್ಟೋ ವರ್ಷ ಆರಾಮಾಗಿ ಓಡಾಡಿಕೊಂಡು ಇದ್ದಿರಬಹುದು. ಒಂದು ಪ್ರಾಣಿ, ಸಾವಿರಾರು ಹಲ್ಲು, ಅದರ ಮೇಲೆ ಲಕ್ಷಾಂತರ ವರ್ಷ. ಲೆಕ್ಕ ಹಾಕಿ ನೋಡಿ, ರಾಶಿ ಆಗದೆ ಇನ್ನೇನಾಗುತ್ತದೆ?

ಪ್ರಶ್ನೆ: ಹಲ್ಲು ಸಿಗುವ ದಂಡೆ ಅಂತ ಹೆಸರಾದ ಕಡೆಯೇ ಹೋಗಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗಿ ಬಗ್ಗಿ ಬಗ್ಗಿ ಎತ್ತಿಕೊಳ್ಳುತ್ತಿದ್ದಳು. ನನಗೆ ಬರೀ ಕಪ್ಪೆಚಿಪ್ಪು. ಏನಾದರೂ ಉಪಾಯ ಇದೆಯಾ?

ಉತ್ತರ: ಇದೆ. ಮೊದಲನೆಯದು, ಇಡೀ ದಂಡೆ ಸುತ್ತಬೇಡಿ. ಹೊಸಬರು ನಡೆಯುವುದು ಜಾಸ್ತಿ, ನೋಡುವುದು ಕಡಿಮೆ. ಹಲ್ಲಿನ ಖನಿಜ ಮಾಮೂಲಿ ಮರಳಿಗಿಂತ ಭಾರ. ಅದಕ್ಕೇ ಅಲೆ ಅದನ್ನು ನಯವಾದ ಮರಳಿನ ಜೊತೆ ಬಿಡುವುದಿಲ್ಲ, ಚಿಪ್ಪಿನ ಚೂರು, ಸಣ್ಣ ಕಲ್ಲು ಸೇರಿ ಪಟ್ಟಿಯ ಹಾಗೆ ಬಿದ್ದಿರುತ್ತದಲ್ಲ, ಅಲ್ಲಿ ಬಿಡುತ್ತದೆ. ಇಳಿತದ ಸಮಯದಲ್ಲಿ ಹೋಗಿ ಅಂಥ ಒಂದು ಪಟ್ಟಿ ಹಿಡಿದು ಕೂತುಬಿಡಿ. ಜೋರು ಗಾಳಿಮಳೆ ಆದ ಮರುದಿನ ಇನ್ನೂ ಒಳ್ಳೆಯದು, ಹೊಸ ಸರಕು ಮೇಲೆ ಬಂದಿರುತ್ತದೆ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವ ಹೊತ್ತು.

ಎರಡನೆಯದು, ಹಲ್ಲಿನ ಮೈ ಗುರುತು ಮಾಡಿಕೊಳ್ಳಿ. ಯಾರ ಹತ್ತಿರವಾದರೂ ಒಂದಿದ್ದರೆ ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿ. ಮೇಲೆ ಅಲಗು, ಕೆಳಗೆ ಬೇರು. ಅಲಗು ನುಣುಪು, ಒದ್ದೆ ಇದ್ದಾಗ ಗಾಜಿನ ಹಾಗೆ ಮಿಂಚುತ್ತದೆ. ಬೇರು ಮಂಕು, ಸಣ್ಣ ಸಣ್ಣ ರಂಧ್ರ ಇರುತ್ತವೆ, ಎರಡು ಕವಲಾಗಿ ಒಡೆದಿರುತ್ತದೆ. ಅಲಗಿನ ಒಂದು ಮುಖ ಹೆಚ್ಚುಕಡಿಮೆ ಚಪ್ಪಟೆ, ಅದು ತುಟಿಯ ಕಡೆ ಇದ್ದದ್ದು. ಇನ್ನೊಂದು ಮುಖ ಉಬ್ಬು, ಅದು ನಾಲಿಗೆಯ ಕಡೆ. ಚಿಪ್ಪಿನ ಚೂರಿಗೆ ಗೆರೆಗಳಿರುತ್ತವೆ, ಕಲ್ಲಿಗೆ ಅಂಚು ಸವೆದಿರುತ್ತದೆ, ಆದರೆ ಒಂದೇ ತುಂಡಿನಲ್ಲಿ ಮಿಂಚುವ ಭಾಗ, ಮಂಕು ಭಾಗ ಎರಡೂ ಇದ್ದು ನಡುವೆ ಸ್ಪಷ್ಟ ಗಡಿ ಇದ್ದರೆ ಅದು ಹಲ್ಲೇ. ಒಮ್ಮೆ ಈ ಗುರುತು ಕಣ್ಣಿಗೆ ಕೂತರೆ ಜನಜಂಗುಳಿಯಲ್ಲಿ ಪರಿಚಯದ ಮುಖ ಕಂಡ ಹಾಗೆ ತಾನಾಗಿಯೇ ಎದ್ದು ಕಾಣುತ್ತದೆ. ಆ ಹುಡುಗಿಗೆ ಆಗಿರುವುದೂ ಅದೇ, ಅದೃಷ್ಟ ಅಲ್ಲ.

ಜರಡಿ ಬಳಸುವುದಾದರೆ ಎರಡು ಬೇಕು. ಸುಮಾರು 6 ಮಿಲಿಮೀಟರ್ ಕಣ್ಣಿನದೊಂದು, ಅದರ ಕೆಳಗೆ 1 ಅಥವಾ 2 ಮಿಲಿಮೀಟರಿನದೊಂದು. ಎಲ್ಲರೂ ಮೇಲಿನ ಜರಡಿಯಲ್ಲಿ ಉಳಿದದ್ದನ್ನು ಆರಿಸಿಕೊಂಡು ಕೆಳಗಿನದನ್ನು ಚೆಲ್ಲಿ ಹೋಗುತ್ತಾರೆ. ನೀವು ಆ ಸಣ್ಣದನ್ನು ಚೀಲದಲ್ಲಿ ಮನೆಗೆ ತಂದು ಒಣಗಿಸಿ, ಬಿಳಿ ಕಾಗದದ ಮೇಲೆ ತೆಳ್ಳಗೆ ಹರಡಿ, ಭೂತಗನ್ನಡಿ ಹಿಡಿದು ಒದ್ದೆ ಕುಂಚದ ತುದಿಯಿಂದ ಒಂದೊಂದೇ ಎತ್ತಿ. ಎಳ್ಳಿಗಿಂತ ಸಣ್ಣ ಹಲ್ಲುಗಳು, ಬೇರು ಸಮೇತ, ಒಂದು ಚೂರೂ ಮುಕ್ಕಾಗದವು ಸಿಗುತ್ತವೆ. ಸಣ್ಣ ಜಾತಿಯ ಶಾರ್ಕುಗಳ ಬಗ್ಗೆ ವಿಜ್ಞಾನಿಗಳಿಗೆ ಗೊತ್ತಿರುವುದೆಲ್ಲ ಹೆಚ್ಚಾಗಿ ಇಂಥ ಪುಡಿ ಹಲ್ಲುಗಳಿಂದಲೇ.

ಪ್ರಶ್ನೆ: ನನ್ನ ಹತ್ತಿರ ಒಂದು ಕಪ್ಪು, ಒಂದು ಕಂದು, ಒಂದು ತಿಳಿ ಹಳದಿ ಹಲ್ಲಿದೆ. ಕಪ್ಪಿನದೇ ಎಲ್ಲಕ್ಕಿಂತ ಹಳೆಯದು ಅಲ್ವಾ?

ಉತ್ತರ: ಅಲ್ಲ. ಬಣ್ಣ ಹೇಳುವುದು ಹಲ್ಲು ಯಾವ ಮಣ್ಣಿನಲ್ಲಿ ಮಲಗಿತ್ತು ಅಂತ, ಎಷ್ಟು ವರ್ಷ ಮಲಗಿತ್ತು ಅಂತಲ್ಲ. ಹೂಳಿನಲ್ಲಿರುವ ನೀರಿನ ಜೊತೆ ಖನಿಜಗಳು ಹಲ್ಲಿನ ಸಣ್ಣ ರಂಧ್ರಗಳಿಗೆ ಇಳಿಯುತ್ತವೆ. ಫಾಸ್ಫೇಟ್ ತುಂಬಿದ ಪದರದಲ್ಲಿ ಇದ್ದದ್ದು ಸಾಮಾನ್ಯವಾಗಿ ಕಪ್ಪಾಗುತ್ತದೆ, ಕಬ್ಬಿಣದ ಅಂಶ ಸಿಕ್ಕಿದರೆ ಕೆಂಪು ಕಂದು ಬರುತ್ತದೆ. ಮೊರಾಕ್ಕೋದ ಹಲ್ಲುಗಳು 5 ಕೋಟಿ ವರ್ಷ ದಾಟಿದವು, ಆದರೂ ತಿಳಿ ಹಳದಿ. ಫ್ಲೋರಿಡಾದ ಕಡಲಿನಿಂದ ಬರುವ ಕಡುಕಪ್ಪು ಹಲ್ಲುಗಳು ಅವಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನವು. ಪೂರ್ತಿ ಬೆಳ್ಳಗಿದ್ದರೆ ಮಾತ್ರ ಸ್ವಲ್ಪ ಅನುಮಾನ ಪಡಿ, ಈಗಿನ ಶಾರ್ಕಿನದೂ ಇರಬಹುದು.

ಇದೇ ಓದುಗರು ಕಾರ್ಬನ್ ಪರೀಕ್ಷೆ ಮಾಡಿಸಬಹುದಾ ಅಂತಲೂ ಕೇಳಿದ್ದಾರೆ. ಅದು ಹೆಚ್ಚೆಂದರೆ 50,000 ವರ್ಷದ ತನಕ ಕೆಲಸ ಮಾಡುವ ವಿಧಾನ, ಇಲ್ಲಿ ಉಪಯೋಗವಿಲ್ಲ. ಹಲ್ಲಿನ ವಯಸ್ಸು ಗೊತ್ತಾಗುವುದು ಅದು ಇದ್ದ ಪದರದ ವಯಸ್ಸಿನಿಂದ. ಪದರ ಯಾವುದು ಅಂತ ಬರೆದಿಟ್ಟುಕೊಳ್ಳದಿದ್ದರೆ ವಯಸ್ಸೂ ಹೋಯಿತು. ಈ ಮಾತಿಗೆ ಕೆಳಗೆ ಮತ್ತೆ ಬರುತ್ತೇನೆ.

ಪ್ರಶ್ನೆ: ಸಮುದ್ರದಿಂದ ಎಷ್ಟೋ ದೂರದ ಗುಡ್ಡದಲ್ಲಿ, ಮರುಭೂಮಿಯಲ್ಲಿ ಶಾರ್ಕ್ ಹಲ್ಲು ಹೇಗೆ ಬರುತ್ತದೆ? ಯಾರೋ ತಂದು ಹಾಕಿದ್ದು ಅನ್ನಿಸುವುದಿಲ್ವಾ?

ಉತ್ತರ: ಹಲ್ಲು ಎಲ್ಲಿಗೂ ಹೋಗಲಿಲ್ಲ, ಸಮುದ್ರ ಹೋಯಿತು. ಕಡಲ ಮಟ್ಟ ಏರಿದೆ, ಇಳಿದಿದೆ, ನೆಲ ಮೇಲಕ್ಕೆದ್ದಿದೆ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಹತ್ತಿರ ಶಾರ್ಕ್‌ಟೂತ್ ಹಿಲ್ ಅಂತಲೇ ಹೆಸರಿರುವ ಒಂದು ಒಣ ಗುಡ್ಡವಿದೆ. ಸುಮಾರು 1.5 ಕೋಟಿ ವರ್ಷದ ಹಿಂದೆ ಅದು ಕೊಲ್ಲಿಯ ತಳ. ಅಲ್ಲಿನ ಒಂದೇ ತೆಳು ಪದರದಲ್ಲಿ ಶಾರ್ಕ್ ಹಲ್ಲು, ತಿಮಿಂಗಿಲದ ಮೂಳೆ, ಸೀಲ್‌ಗಳ ಮೂಳೆ ಒತ್ತೊತ್ತಾಗಿ ಇವೆ. ಮೊರಾಕ್ಕೋದ ಖೌರಿಬ್ಗಾ ಸುತ್ತಮುತ್ತ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಅಗೆಯುವ ಗಣಿಗಳಿವೆ. ಅಲ್ಲಿ ಅಗೆದಲ್ಲೆಲ್ಲ ಹಲ್ಲು. ಅಮೆರಿಕದ ಮೇರಿಲ್ಯಾಂಡಿನ ಕ್ಯಾಲ್ವರ್ಟ್ ಬಂಡೆಸಾಲು, ಫ್ಲೋರಿಡಾದ ವೆನಿಸ್ ದಂಡೆ ಮತ್ತು ಪೀಸ್ ನದಿ, ಇಂಗ್ಲೆಂಡಿನ ವಾಲ್ಟನ್ ಆನ್ ದ ನೇಜ್ ಮತ್ತು ಶೆಪಿ ದ್ವೀಪ, ಇವೆಲ್ಲ ಹವ್ಯಾಸಿಗಳ ಬಾಯಲ್ಲಿ ಸದಾ ಓಡಾಡುವ ಹೆಸರುಗಳು.

ಒಂದು ಎಚ್ಚರಿಕೆ. ಹಳೇ ಪದರವನ್ನು ನದಿಯೋ ಅಲೆಯೋ ಕೊರೆದಾಗ ಅದರ ಹಲ್ಲು ಹೊರಬಿದ್ದು ಹೊಸ ಪದರದಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೇ ನದಿಯ ಮರಳಿನಲ್ಲಿ ಹಿಮಯುಗದ ಆನೆ ಜಾತಿಯ ಹಲ್ಲಿನ ಪಕ್ಕದಲ್ಲೇ ಅದಕ್ಕಿಂತ ಕೋಟಿ ವರ್ಷ ಹಳೆಯ ಶಾರ್ಕ್ ಹಲ್ಲು ಸಿಗುವುದುಂಟು. ಇಬ್ಬರೂ ಒಟ್ಟಿಗೆ ಬದುಕಿದ್ದರು ಅಂತ ಅಲ್ಲ.

ಪ್ರಶ್ನೆ: ಫೋಟೋ ಕಳಿಸಿದ್ದೇನೆ. ತುದಿ ಒಂದು ಕಡೆಗೆ ಬಾಗಿದೆ, ಬಾಗಿದ ಕಡೆ ಆಳವಾದ ಕಚ್ಚು ಇದೆ, ಅಂಚೆಲ್ಲ ಗರಗಸ. ಇದು ಮೆಗಲೋಡಾನ್ ಮರಿಯದಾ?

ಉತ್ತರ: ಟೈಗರ್ ಶಾರ್ಕ್. ಕೋಳಿ ಜುಟ್ಟಿನ ಆಕಾರ, ಕಚ್ಚಿನ ಕೆಳಗೆ ದಪ್ಪ ದಪ್ಪ ಗರಗಸ, ಇದಕ್ಕಿಂತ ಸುಲಭದ ಗುರುತು ಇನ್ನೊಂದಿಲ್ಲ. ಮೆಗಲೋಡಾನ್ ಅಂದರೆ ಅಳಿದುಹೋದ ಒಂದು ದೈತ್ಯ ಶಾರ್ಕ್, ಅದರ ಹಲ್ಲು ಸಾಕಷ್ಟು ಸಮನಾದ ತ್ರಿಕೋನ, ಗರಗಸ ಸಣ್ಣದು ಮತ್ತು ಒಂದೇ ಅಳತೆಯದು, ಒಳಮುಖದಲ್ಲಿ ಅಲಗಿಗೂ ಬೇರಿಗೂ ನಡುವೆ ಅಗಲವಾದ ಮಂಕು ಪಟ್ಟಿ ಇರುತ್ತದೆ. ಆ ಪಟ್ಟಿ ನಿಮ್ಮದರಲ್ಲಿ ಇಲ್ಲ.

ಇನ್ನೂ ನಾಲ್ಕೈದು ಫೋಟೋ ಬಂದಿದ್ದವು, ಒಟ್ಟಿಗೇ ಹೇಳಿಬಿಡುತ್ತೇನೆ. ಉದ್ದ, ಸಪೂರ, ಮೊಳೆಯಂಥದ್ದು, ಬುಡದಲ್ಲಿ ಎರಡು ಪುಟಾಣಿ ಮುಳ್ಳು ಇದ್ದರೆ ಸ್ಯಾಂಡ್ ಟೈಗರ್ ಗುಂಪು. ಎಲ್ಲಾ ಕಡೆ ಜಾಸ್ತಿ ಸಿಗುವುದು ಇದೇ. ಅಗಲ ತ್ರಿಕೋನ, ಅಂಚು ಚೂರಿಯ ಹಾಗೆ ನಯ, ಗರಗಸವೇ ಇಲ್ಲ ಅಂದರೆ ಹಳೇ ಕಾಲದ ಅಗಲ ಹಲ್ಲಿನ ಮೇಕೋ ಶಾರ್ಕ್. ಅದೇ ಆಕಾರಕ್ಕೆ ಒರಟು ಗರಗಸ ಸೇರಿದರೆ ಗ್ರೇಟ್ ವೈಟ್ ಶಾರ್ಕ್. ಈ ಎರಡರ ನಡುವೆ ಸಂಬಂಧವೂ ಇದೆ. ಪೆರು ದೇಶದಲ್ಲಿ ಸಿಕ್ಕ, ಅರೆಬರೆ ಗರಗಸ ಇರುವ ಒಂದು ಶಾರ್ಕಿಗೆ 2012ರಲ್ಲಿ ಕಾರ್ಕರೋಡಾನ್ ಹಬ್ಬೆಲ್ಲಿ ಅಂತ ಹೆಸರಿಟ್ಟರು. ನಯ ಅಂಚಿನಿಂದ ಗರಗಸದಂಚಿಗೆ ಬರುವ ದಾರಿಯ ಮಧ್ಯದಲ್ಲಿ ನಿಂತಿದೆ ಅದು. ನನ್ನನ್ನು ಕೇಳಿದರೆ ಅಂಗೈ ಅಗಲದ ಮೆಗಲೋಡಾನ್‌ಗಿಂತ ಆ ಅರೆಬರೆ ಗರಗಸವೇ ಸ್ವಾರಸ್ಯ.

ಪ್ರಶ್ನೆ: ಮೆಗಲೋಡಾನ್ ಹಲ್ಲು 1 ಇಂಚು ಇದ್ದರೆ ಶಾರ್ಕ್ 10 ಅಡಿ ಅಂತ ಲೆಕ್ಕ ಹಾಕಬಹುದಂತೆ. ನನ್ನದು 3 ಇಂಚು, ಹಾಗಾದರೆ 30 ಅಡಿಯದು ತಾನೇ? ಇನ್ನೊಂದು, ಅದು ಆಳ ಸಮುದ್ರದಲ್ಲಿ ಈಗಲೂ ಇದೆ ಅನ್ನುತ್ತಾರಲ್ಲ?

ಉತ್ತರ: ಲೆಕ್ಕ ಬಾಯಿಪಾಠಕ್ಕೆ ಚೆನ್ನಾಗಿದೆ, ಆದರೆ ನಂಬಬೇಡಿ. ಒಂದೇ ಬಾಯಲ್ಲಿ ಮುಂದಿನ ಹಲ್ಲು ದೊಡ್ಡದು, ದವಡೆಯ ಮೂಲೆಯದು ಚಿಕ್ಕದು. ನಿಮ್ಮ 3 ಇಂಚಿನದು ಸಣ್ಣ ಶಾರ್ಕಿನ ಮುಂದಿನ ಹಲ್ಲಾಗಿರಬಹುದು, ದೈತ್ಯ ಶಾರ್ಕಿನ ಮೂಲೆ ಹಲ್ಲೂ ಆಗಿರಬಹುದು. ಮೊದಲು ಬಾಯಲ್ಲಿ ಅದರ ಜಾಗ ಯಾವುದು ಅಂತ ಗೊತ್ತಾಗಬೇಕು, ಆಮೇಲೆ ಅಳತೆಯ ಮಾತು. ಈ ಶಾರ್ಕಿನ ಹಲ್ಲು ಓರೆ ಅಂಚಿನ ಉದ್ದಕ್ಕೆ 18 ಸೆಂಟಿಮೀಟರ್ ಹತ್ತಿರ ಬಂದದ್ದಿದೆ. ಪ್ರಾಣಿಯ ಉದ್ದ ಎಷ್ಟು ಅನ್ನುವುದರಲ್ಲಿ ಪಂಡಿತರಲ್ಲೇ ಜಗಳ ಮುಗಿದಿಲ್ಲ. 15 ಮೀಟರ್ ಅಂದವರಿದ್ದಾರೆ, 20 ದಾಟಿಸಿದವರೂ ಇದ್ದಾರೆ. ಪೂರ್ತಿ ಅಸ್ಥಿಪಂಜರ ಸಿಗದ ಪ್ರಾಣಿ, ಇನ್ನೇನು ಮಾಡುತ್ತಾರೆ ಪಾಪ. ಹಲ್ಲು ನೋಡಿ ಇದನ್ನು ಗ್ರೇಟ್ ವೈಟ್‌ನ ಹತ್ತಿರದ ಬಂಧು ಅಂದುಕೊಂಡಿದ್ದರು, ಈಗ ಬೇರೆಯೇ ಮನೆತನ, ಓಟೋಡಸ್, ಅಂತ ಹೆಚ್ಚಿನವರು ಒಪ್ಪಿದ್ದಾರೆ.

ಈಗಲೂ ಇದೆಯಾ? ಇಲ್ಲ. ಸುಮಾರು 36 ಲಕ್ಷ ವರ್ಷದ ಹಿಂದೆ ಅದರ ಹಲ್ಲು ಬೀಳುವುದು ನಿಂತಿತು. ದಿನಾ ಹಲ್ಲು ಉದುರಿಸುವ ಪ್ರಾಣಿ ಬದುಕಿದ್ದರೆ ತಾಜಾ ಬಿಳಿ ಹಲ್ಲು ಎಲ್ಲಾದರೂ ಸಿಗಬೇಕಿತ್ತು, ಒಂದೂ ಸಿಕ್ಕಿಲ್ಲ. ಈ ವದಂತಿಗೆ ಒಂದು ಹಳೇ ಬೇರಿದೆ. 1872ರಿಂದ 1876ರವರೆಗೆ ಸಮುದ್ರ ಸುತ್ತಿದ ಚಾಲೆಂಜರ್ ಎಂಬ ಬ್ರಿಟಿಷ್ ಹಡಗು ಆಳದಿಂದ ಮೆಗಲೋಡಾನ್ ಹಲ್ಲು ಎತ್ತಿ ತಂದಿತ್ತು. ಅವುಗಳ ಮೇಲೆ ಮ್ಯಾಂಗನೀಸ್ ಪೊರೆ ಕಟ್ಟಿತ್ತು. 1959ರಲ್ಲಿ ಒಬ್ಬರು ಆ ಪೊರೆಯ ದಪ್ಪ ಅಳೆದು, ಅದು ಬೆಳೆಯುವ ವೇಗ ಇಷ್ಟು ಅಂತ ಊಹಿಸಿ, ಒಂದು ಹಲ್ಲಿಗೆ ಬರೀ 11,000 ವರ್ಷ ಅಂದುಬಿಟ್ಟರು. ಪೊರೆ ಎಲ್ಲಾ ಕಡೆ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ, ಆ ಲೆಕ್ಕ ನಿಲ್ಲಲಿಲ್ಲ. ಆದರೆ ಕಥೆ ನಿಂತಿತು. 2023ರಲ್ಲಿ ಬಂದ ಒಂದು ಅಧ್ಯಯನ ನನಗೆ ಇದಕ್ಕಿಂತ ರೋಚಕ ಅನ್ನಿಸಿತು. ಹಲ್ಲಿನ ರಸಾಯನ ನೋಡಿ, ಈ ಶಾರ್ಕಿನ ಮೈ ಸುತ್ತಲ ನೀರಿಗಿಂತ ಸುಮಾರು 7 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿತ್ತು ಅಂತ ಹೇಳಿದ್ದಾರೆ. ಮೈ ಬೆಚ್ಚಗಿಡಲು ತುಂಬ ಆಹಾರ ಬೇಕು. ಆಹಾರ ಕಡಿಮೆಯಾದಾಗ ದೊಡ್ಡ ಮೈಯೇ ಅದಕ್ಕೆ ಮುಳುವಾಗಿರಬಹುದು.

ಪ್ರಶ್ನೆ: ಆನ್‌ಲೈನಲ್ಲಿ ಕಲ್ಲಿನ ತುಂಡಿನ ಸಮೇತ ಒಂದು ಹಲ್ಲು ತರಿಸಿದೆ. ಸ್ನೇಹಿತ ನೋಡಿ ಡೂಪ್ಲಿಕೇಟ್ ಅಂತ ನಕ್ಕ. ಮಾರಿದವರು ಉತ್ತರ ಕೊಡುತ್ತಿಲ್ಲ. ಪರೀಕ್ಷೆ ಮಾಡುವುದು ಹೇಗೆ?

ಉತ್ತರ: ಹಲ್ಲು ಅಸಲಿಯೇ ಇರಬಹುದು, ಕಲ್ಲು ನಕಲಿ ಇರಬಹುದು. ಇದು ತುಂಬ ಸಾಮಾನ್ಯ. ಮೊರಾಕ್ಕೋದ ಕಡೆಯಿಂದ ಬರುವ ಓಟೋಡಸ್ ಹಲ್ಲುಗಳು ಅಗ್ಗ, ಅಷ್ಟು ಸಿಗುತ್ತವೆ. ಸಡಿಲ ಹಲ್ಲಿಗಿಂತ ಕಲ್ಲಿನಲ್ಲಿ ಕೂತ ಹಲ್ಲಿಗೆ ಗಿರಾಕಿ ಜಾಸ್ತಿ, ಹಾಗಾಗಿ ಮರಳಿಗೆ ಅಂಟು ಕಲಸಿ ಒಂದು ಮುದ್ದೆ ಮಾಡಿ ಅದರಲ್ಲಿ ನೆಡುತ್ತಾರೆ. ಭೂತಗನ್ನಡಿಯಲ್ಲಿ ಕಲ್ಲಿನ ಮೈ ನೋಡಿ. ನಿಜವಾದ ಪದರದಲ್ಲಿ ಚಿಪ್ಪಿನ ಚೂರು, ಮೀನಿನ ಹಲ್ಲು, ಕಣಗಳ ಏರುಪೇರು ಇರುತ್ತದೆ. ಅಂಟಿನ ಮುದ್ದೆಯಲ್ಲಿ ಗಾಳಿಗುಳ್ಳೆಯ ಗುರುತು, ಬೆರಳು ಒತ್ತಿದ ನಯ ಕಾಣುತ್ತದೆ.

ಇನ್ನು ಹಲ್ಲು. ಅಲಗು ಒಂದರದು, ಬೇರು ಇನ್ನೊಂದರದು ಜೋಡಿಸಿದ್ದಾರಾ ಅಂತ ಮೊದಲು ನೋಡಿ. ಅಲಗಿನ ಬಿರುಕು ಬೇರಿಗೂ ಇಳಿದಿದೆಯಾ, ಇಲ್ಲಾ ಗಡಿಯಲ್ಲಿ ಥಟ್ಟನೆ ನಿಂತಿದೆಯಾ? ಗರಗಸ ಎಲ್ಲಾ ಕಡೆ ಸವೆದು, ಒಂದು ಜಾಗದಲ್ಲಿ ಮಾತ್ರ ಹೊಸದಾಗಿ ಕೆತ್ತಿದ ಹಾಗೆ ಚೂಪಾಗಿದ್ದರೆ ಅದು ಕೆತ್ತಿದ್ದೇ. ಅಸಿಟೋನ್ ಅದ್ದಿದ ಹತ್ತಿಯನ್ನು ಕಾಣದ ಮೂಲೆಯಲ್ಲಿ ಮೆಲ್ಲಗೆ ತಿಕ್ಕಿ, ಬಣ್ಣ ಹತ್ತಿಗೆ ಬಂದರೆ ಪೇಂಟ್ ಹೊಡೆದಿದ್ದಾರೆ. ಕಿಟಕಿ ತೆಗೆದಿಡಿ, ಬೆಂಕಿ ಹತ್ತಿರ ಬೇಡ. ಕತ್ತಲಲ್ಲಿ ಅಲ್ಟ್ರಾವಯೊಲೆಟ್ ಟಾರ್ಚ್ ಬಿಟ್ಟರೆ ಎಷ್ಟೋ ಬಗೆಯ ಅಂಟು, ಮೆತ್ತಿದ ಪುಟ್ಟಿ ಬೇರೆ ಬಣ್ಣದಲ್ಲಿ ಹೊಳೆಯುತ್ತವೆ. ಪೂರ್ತಿ ರಾಳದಲ್ಲಿ ಎರಕ ಹೊಯ್ದದ್ದಾದರೆ ಕೈಯಲ್ಲಿ ಹಿಡಿದಾಗಲೇ ಗೊತ್ತಾಗುತ್ತದೆ. ಹಗುರ, ಮುಟ್ಟಿದರೆ ಕಲ್ಲಿನ ತಂಪು ಇಲ್ಲ.

ರಿಪೇರಿ ಮಾಡಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಮ್ಯೂಸಿಯಂಗಳಲ್ಲೂ ಮುರಿದ ಹಲ್ಲು ಜೋಡಿಸುತ್ತಾರೆ, ಆದರೆ ಜೋಡಿಸಿದ್ದೇವೆ ಅಂತ ಬರೆಯುತ್ತಾರೆ. ಮುಚ್ಚಿಟ್ಟು ಮಾರುವುದು ಮೋಸ. ಮುಂದಿನ ಸಲ ಕೊಳ್ಳುವ ಮೊದಲು ಎರಡೇ ಪ್ರಶ್ನೆ ಕೇಳಿ: ಯಾವ ಜಾಗದ್ದು, ಯಾವ ಪದರದ್ದು? ಇವಕ್ಕೆ ಉತ್ತರ ಇಲ್ಲದವರ ಹತ್ತಿರ ಎಷ್ಟೇ ಚಂದದ ಹಲ್ಲಿದ್ದರೂ ಬಿಟ್ಟು ಬನ್ನಿ.

ಪ್ರಶ್ನೆ: ಕೊಳೆ ಹೋಗಲಿ ಅಂತ ಹಲ್ಲನ್ನು ವಿನಿಗರ್‌ನಲ್ಲಿ ರಾತ್ರಿ ನೆನೆಹಾಕಬಹುದಾ?

ಉತ್ತರ: ಬೇಡ ಮಾರಾಯರೇ! ಆಮ್ಲ ಹಲ್ಲನ್ನೇ ತಿನ್ನುತ್ತದೆ, ಬೆಳಗ್ಗೆ ನೋಡಿದರೆ ಮಿಂಚು ಹೋಗಿ ಸೀಮೆಸುಣ್ಣದ ಹಾಗೆ ಆಗಿರುತ್ತದೆ. ಬ್ಲೀಚ್ ಕೂಡ ಬೇಡ. ಸಿಹಿನೀರು, ಹಳೇ ಮೆದು ಬ್ರಷ್, ತಾಳ್ಮೆ, ಇಷ್ಟು ಸಾಕು.

ಸಮುದ್ರದಿಂದ ತಂದದ್ದಾದರೆ ಸಿಹಿನೀರಿನಲ್ಲಿ ಕೆಲವು ದಿನ ಇಟ್ಟು ನೀರು ಬದಲಿಸುತ್ತಾ ಇರಿ. ಉಪ್ಪು ಒಳಗೇ ಉಳಿದರೆ ಒಣಗುವಾಗ ಹರಳುಗಟ್ಟಿ ಬೇರನ್ನು ಸಿಪ್ಪೆ ಸಿಪ್ಪೆಯಾಗಿ ಎಬ್ಬಿಸುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಿ, ಬಿಸಿಲಲ್ಲಿ ಇಟ್ಟರೆ ಬಿರುಕು ಬಿಡುತ್ತದೆ. ಬೇರು ಪುಡಿಯಾಗುವ ಹಾಗಿದ್ದರೆ ಪ್ಯಾರಲಾಯ್ಡ್ ಬಿ-72 ಅನ್ನುವ ರಾಳವನ್ನು ಅಸಿಟೋನ್‌ನಲ್ಲಿ ನೀರಾಗಿ ಕರಗಿಸಿ ಕುಂಚದಲ್ಲಿ ಹಚ್ಚುತ್ತಾರೆ. ಬೇಡವಾದರೆ ಮತ್ತೆ ಅಸಿಟೋನ್‌ನಲ್ಲೇ ತೆಗೆಯಬಹುದು, ಅದಕ್ಕೇ ಅದು. ಫೆವಿಕ್ವಿಕ್ ಥರದ್ದು ಹಾಕಿದರೆ ತೆಗೆಯುವುದು ದೊಡ್ಡ ಕಷ್ಟ. ಲಂಡನ್ ಜೇಡಿಮಣ್ಣಿನಂಥ ಕಡೆಯ ಪಳೆಯುಳಿಕೆಗಳಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇರುತ್ತದೆ, ತೇವ ತಾಗಿದರೆ ಬಿಳಿ ಪುಡಿ ಬಿಟ್ಟು ಒಡೆದೇ ಹೋಗುತ್ತದೆ. ಅಂಥದ್ದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ.

ಪ್ರಶ್ನೆ: ಹಿಂದಿನ ಕಾಲದವರಿಗೆ ಇವು ಸಿಕ್ಕಿರಲಿಲ್ವಾ? ಅವರು ಏನಂದುಕೊಂಡಿದ್ದರು?

ಉತ್ತರ: ಸಿಕ್ಕಿತ್ತು, ಬೇಕಾದಷ್ಟು. ಪ್ರಾಚೀನ ರೋಮಿನ ಲೇಖಕ ಪ್ಲಿನಿ ಇವು ಚಂದ್ರಗ್ರಹಣದ ಹೊತ್ತಿಗೆ ಆಕಾಶದಿಂದ ಬೀಳುತ್ತವೆ ಎಂಬ ನಂಬಿಕೆಯನ್ನು ಬರೆದಿಟ್ಟಿದ್ದಾನೆ. ಯುರೋಪಿನಲ್ಲಿ ಬಹಳ ಕಾಲ ಇವು ಕಲ್ಲಾದ ಹಾವಿನ ನಾಲಿಗೆಗಳು. ಮಾಲ್ಟಾ ದ್ವೀಪದಲ್ಲಿ ಸಂತ ಪೌಲನಿಗೆ ಹಾವು ಕಚ್ಚಿದ ಕಥೆಗೆ ಇವನ್ನು ಗಂಟು ಹಾಕಿದರು. ವಿಷ ತೆಗೆಯುತ್ತದೆ ಅಂತ ಶ್ರೀಮಂತರು ಬೆಳ್ಳಿಯಲ್ಲಿ ಕಟ್ಟಿಸಿ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದರು, ಕುಡಿಯುವ ಲೋಟಕ್ಕೂ ಅದ್ದುತ್ತಿದ್ದರು.

1616ರಲ್ಲೇ ಫಾಬಿಯೋ ಕೊಲೊನ್ನಾ ಎಂಬ ಇಟಲಿಯ ವಿದ್ವಾಂಸ ಇವು ಶಾರ್ಕ್ ಹಲ್ಲು ಅಂತ ವಾದಿಸಿದ್ದ. ಆದರೆ ಜನ ಕಿವಿಗೊಟ್ಟದ್ದು 50 ವರ್ಷದ ನಂತರ. 1666ರಲ್ಲಿ ಲಿವೋರ್ನೋ ಊರಿನ ಹತ್ತಿರ ಮೀನುಗಾರರು ಭಾರಿ ಶಾರ್ಕ್ ಒಂದನ್ನು ಹಿಡಿದರು. ಅದರ ತಲೆಯನ್ನು ಫ್ಲಾರೆನ್ಸಿಗೆ ತರಿಸಿ, ಅಲ್ಲಿನ ದೊರೆ ಎರಡನೇ ಫರ್ಡಿನಾಂಡೋ ಡೆನ್ಮಾರ್ಕಿನ ವೈದ್ಯ ನಿಕೋಲಸ್ ಸ್ಟೆನೋ ಕೈಗೆ ಕೊಟ್ಟ. ಸ್ಟೆನೋ ಬಾಯಿ ಬಿಡಿಸಿ ನೋಡುತ್ತಾನೆ, ನಾಲಿಗೆ ಕಲ್ಲುಗಳು ಸಾಲಾಗಿ ಕೂತಿವೆ! 1667ರಲ್ಲಿ ಬರೆದು ಅಚ್ಚು ಹಾಕಿಸಿದ. ಅಲ್ಲಿಗೇ ಬಿಡಲಿಲ್ಲ. ಗಟ್ಟಿ ಬಂಡೆಯೊಳಗೆ ಗಟ್ಟಿ ಹಲ್ಲು ಹೋಗಿ ಕೂರುವುದು ಹೇಗೆ ಅಂತ ಯೋಚಿಸುತ್ತಾ, ಬಂಡೆ ಒಂದು ಕಾಲಕ್ಕೆ ಕೆಸರಾಗಿತ್ತು, ಕೆಳಗಿನ ಪದರ ಮೊದಲು ಕೂತದ್ದು, ಮೇಲಿನದು ಆಮೇಲಿನದು ಅನ್ನುವಲ್ಲಿಗೆ ಬಂದ. 1669ರಲ್ಲಿ ಅವನು ಪ್ರಕಟಿಸಿದ ಈ ವಿಚಾರವನ್ನೇ ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಇವತ್ತಿಗೂ ಮೊದಲ ಪಾಠವಾಗಿ ಹೇಳಿಕೊಡುತ್ತಾರೆ. ಹಲ್ಲು ಯಾವ ಪದರದ್ದು ಅಂತ ನಾನು ಪದೇ ಪದೇ ಕೇಳುವುದೂ ಇದಕ್ಕೇ.

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯ ಪೆಟ್ಟಿಗೆಯಲ್ಲಿ ನೂರಾರು ಹಲ್ಲುಗಳಿವೆ. ಎಲ್ಲಾ ಒಂದೇ ಡಬ್ಬಿಯಲ್ಲಿ, ಒಂದು ಚೀಟಿಯೂ ಇಲ್ಲ. ಮ್ಯೂಸಿಯಂಗೆ ಕೊಡೋಣ ಅಂತ ಹೋದರೆ ಅವರು ಅಷ್ಟೇನೂ ಆಸಕ್ತಿ ತೋರಿಸಲಿಲ್ಲ. ಬೇಸರವಾಯಿತು.

ಉತ್ತರ: ಬೇಸರ ಅರ್ಥವಾಗುತ್ತದೆ ಅಮ್ಮಾ. ಆದರೆ ಅವರ ಕಷ್ಟವನ್ನೂ ಹೇಳಬೇಕು. ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದ ಹಲ್ಲು ಅವರ ಕೆಲಸಕ್ಕೆ ಬರುವುದಿಲ್ಲ. ಜಾತಿ ಹೇಳಬಹುದು, ಅಷ್ಟೇ. ಆ ಕಾಲದ ಸಮುದ್ರ ಎಲ್ಲಿತ್ತು, ನೀರು ಬೆಚ್ಚಗಿತ್ತಾ, ಅಲ್ಲಿ ಇನ್ನೂ ಯಾರು ಯಾರು ಇದ್ದರು, ಇವೆಲ್ಲ ಜಾಗದಿಂದ ಬರುವ ಮಾತು. ಊರು ಪದರ ಬರೆದ ಪುಡಿ ಹಲ್ಲನ್ನು ಅವರು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ.

ಪೆಟ್ಟಿಗೆಯನ್ನು ಇನ್ನೊಮ್ಮೆ ಹುಡುಕಿ. ಡಬ್ಬಿಗೆ ಹಾಸಿದ ಹಳೇ ಪೇಪರ್ ಯಾವ ಊರಿನದು, ಯಾವ ತಾರೀಖು ನೋಡಿ. ತಂದೆಯವರ ಡೈರಿ, ಬಸ್ಸು ರೈಲಿನ ಟಿಕೆಟ್, ಫೋಟೋಗಳ ಹಿಂದಿನ ಬರಹ, ಜೊತೆಗೆ ಹೋಗುತ್ತಿದ್ದ ಗೆಳೆಯರು. ಹಲ್ಲಿನ ಬೇರಿನ ಸಂದಿಯಲ್ಲಿ ಮಣ್ಣು ಅಂಟಿದ್ದರೆ ದಯವಿಟ್ಟು ತೊಳೆಯಬೇಡಿ. ಆ ಚಿಟಿಕೆ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಚಿಪ್ಪಿದ್ದರೆ ಪದರ ಯಾವುದು ಅಂತ ಬಲ್ಲವರು ಹೇಳಬಲ್ಲರು. ಒಂದೇ ಬಣ್ಣ, ಒಂದೇ ಸವೆತ ಇರುವುದನ್ನು ಬೇರೆ ಬೇರೆ ಗುಂಪು ಮಾಡಿಡಿ, ಆದರೆ ಗುಂಪು ಮಾಡುವ ಮೊದಲು ಡಬ್ಬಿ ಇದ್ದ ಹಾಗೇ ಒಂದು ಫೋಟೋ ತೆಗೆಯಿರಿ. ಏನೂ ಸುಳಿವು ಸಿಗಲಿಲ್ಲ ಅಂದರೆ ಯಾವುದಾದರೂ ಶಾಲೆಗೆ ಕೊಡಿ. ಮಕ್ಕಳು ಕೈಯಲ್ಲಿ ಹಿಡಿದು ನೋಡಲಿಕ್ಕೆ ಚೀಟಿ ಬೇಕಿಲ್ಲ.

ಉಳಿದ ಓದುಗರೇ, ಇದು ನಿಮಗೂ. ಹಲ್ಲು ಎತ್ತಿದ ಜಾಗದಲ್ಲೇ ಬರೆಯಿರಿ, ಮನೆಗೆ ಬಂದು ಬರೆಯುತ್ತೇನೆ ಅನ್ನಬೇಡಿ. ಜಾಗ, ಸಾಧ್ಯವಾದರೆ ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶ, ತಾರೀಖು, ಪದರದಿಂದಲೇ ತೆಗೆದದ್ದಾ ಇಲ್ಲಾ ದಂಡೆಯಲ್ಲಿ ಬಿದ್ದಿತ್ತಾ, ಪದರವಾದರೆ ಅದರ ಬಣ್ಣ ಮತ್ತು ಎತ್ತರ, ನಿಮ್ಮ ಹೆಸರು. ಹಲ್ಲಿನ ಬೇರಿನ ಮೇಲೆ ಪ್ಯಾರಲಾಯ್ಡಿನ ಒಂದು ಸಣ್ಣ ಪಟ್ಟಿ ಹಚ್ಚಿ, ಒಣಗಿದ ಮೇಲೆ ಅದರ ಮೇಲೆ ಶಾಯಿಯಲ್ಲಿ ನಂಬರ್ ಬರೆದು, ಅದೇ ನಂಬರನ್ನು ಪುಸ್ತಕದಲ್ಲಿ ಹಾಕಿ. ಚೀಟಿ ಕಳೆದರೂ ನಂಬರ್ ಇರುತ್ತದೆ.

ಪ್ರಶ್ನೆ: ಬಂಡೆಯ ಗೋಡೆಯಲ್ಲೇ ಹಲ್ಲು ಕಾಣುತ್ತಿತ್ತು. ಉಳಿ ಸುತ್ತಿಗೆ ತಗೊಂಡು ಹೋಗಲಾ?

ಉತ್ತರ: ಹೋಗಬೇಡಿ. ಇಂಥ ಬಂಡೆಗಳು ಮೆತ್ತಗಿರುವುದರಿಂದಲೇ ಹಲ್ಲು ಉದುರಿಸುತ್ತವೆ, ಅದೇ ಕಾರಣಕ್ಕೆ ಹೇಳದೆ ಕೇಳದೆ ಕುಸಿಯುತ್ತವೆ. ಕ್ಯಾಲ್ವರ್ಟ್ ಸ್ಟೇಟ್ ಪಾರ್ಕಿನಲ್ಲಿ ಬಂಡೆಯ ಬುಡದಲ್ಲಿ ನಡೆಯುವುದಕ್ಕೇ ನಿಷೇಧವಿದೆ. ಕೆಳಗೆ ತಾನಾಗಿ ಬಿದ್ದದ್ದನ್ನು ದೂರದ ದಂಡೆಯಲ್ಲಿ ಆರಿಸಿಕೊಳ್ಳಿ.

ಕಾನೂನಂತೂ ಜಾಗದಿಂದ ಜಾಗಕ್ಕೆ ಬೇರೆ. ಫ್ಲೋರಿಡಾದಲ್ಲಿ ಸರ್ಕಾರಿ ಜಾಗದಲ್ಲಿ ಬೆನ್ನೆಲುಬಿರುವ ಪ್ರಾಣಿಗಳ ಪಳೆಯುಳಿಕೆ ಎತ್ತಲು ಪರ್ಮಿಟ್ ಬೇಕು, ಶಾರ್ಕ್ ಹಲ್ಲಿಗೆ ಮಾತ್ರ ವಿನಾಯಿತಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು ಚೂರೂ ಎತ್ತುವ ಹಾಗಿಲ್ಲ. ಖಾಸಗಿ ಜಮೀನಾದರೆ ಮಾಲೀಕರನ್ನು ಕೇಳಿ. ಬೇರೆ ದೇಶದಿಂದ ತರುವುದಾದರೆ ಅಲ್ಲಿಂದ ಹೊರಗೆ ಒಯ್ಯಬಹುದಾ ಅಂತ ಹೊರಡುವ ಮೊದಲೇ ವಿಚಾರಿಸಿ, ವಿಮಾನ ನಿಲ್ದಾಣದಲ್ಲಿ ಅಲ್ಲ.

ಪ್ರಶ್ನೆ: ತ್ರಿಕೋನ ಅಲ್ಲ, ಉದ್ದನೆಯ ಪಟ್ಟಿ, ಒಂದು ಕಡೆ ನಯ, ಇನ್ನೊಂದು ಕಡೆ ಬಾಚಣಿಗೆಯ ಹಾಗೆ ಸಾಲು ಗೀರು. ಇದೂ ಶಾರ್ಕ್ ಹಲ್ಲೇನಾ? ಫೋಟೋದಲ್ಲಿ ಸರಿಯಾಗಿ ಬಂದಿಲ್ಲ.

ಉತ್ತರ: ಶಾರ್ಕ್ ಅಲ್ಲ, ಅದರ ದಾಯಾದಿ. ತೊರಕೆ ಮೀನುಗಳಲ್ಲಿ ಈಗಲ್ ರೇ ಗುಂಪಿನದು. ಬಾಯಿ ತುಂಬ ಇಂಥ ಪಟ್ಟಿಗಳನ್ನು ಒತ್ತಾಗಿ ಜೋಡಿಸಿಕೊಂಡು ಚಿಪ್ಪು ಪುಡಿ ಮಾಡಿ ತಿನ್ನುತ್ತವೆ. ಗೀರು ಇರುವ ಕಡೆ ಬೇರು. ಎಷ್ಟೋ ಜನ ಇದನ್ನು ಕಲ್ಲು ಅಂತ ಎಸೆದುಬಿಡುತ್ತಾರೆ, ನೀವು ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಇನ್ನೊಂದು ಫೋಟೋ ಕಳಿಸಿ, ಎರಡೂ ಮುಖದ್ದು, ಪಕ್ಕದಲ್ಲಿ ಸ್ಕೇಲ್ ಇಟ್ಟು. ನಾಣ್ಯ, ಹೆಬ್ಬೆರಳು ಬೇಡ. ಎಲ್ಲಿ ಸಿಕ್ಕಿತು ಅಂತ ಬರೆಯಲೇ ಇಲ್ಲವಲ್ಲ, ಅದನ್ನೂ ಸೇರಿಸಿ.